ಭಾಗಮ್ಮನ ಫರಸಿ

ವಿಶ್ವಾಸ ಕಲಬುರಗಿಯ ಟೈಲ್ಸ್ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಅಲ್ಲೇ ಗಾಜಿಪುರ ಬಡಾವಣೆಯಲ್ಲಿ ಅವನ ಬಾಡಿಗೆ ಕೋಣೆಯ ನೆಲ ಸಿಮೆಂಟಿನದು, ಅದೂ ಬಿರುಕು ಬಿಟ್ಟದ್ದು. ಆದರೆ ಗಿರಾಕಿಯ ಮುಂದೆ ಹೊಳಪಿನ ಮಾತೆತ್ತಿದನೆಂದರೆ ಅರಮನೆಯಲ್ಲೇ ಹುಟ್ಟಿದವನು. ಆ ಬಾಯಿಗೆ ಕೊನೆಗೆ ಸಿಕ್ಕಿದ್ದು ಅವನದೇ ಊರು ಕಮಲಾಪುರದ ಚರ್ಚು.

ನಿಜಾಮನ ಕಾಲದಲ್ಲಿ ಮಿಷನ್ನಿನವರು ಕಟ್ಟಿಸಿದ ಪುಟ್ಟ ಚರ್ಚು ಅದು. ಕರಿಕಲ್ಲಿನ ದಪ್ಪ ಗೋಡೆ, ತೇಗದ ತೊಲೆ, ಬಾಗಿಲ ನೆತ್ತಿಯ ಮೇಲೆ ಒಂದೇ ಗಂಟೆಯ ಗೋಪುರ. ಕಿಟಕಿಯ ಕಮಾನು ನೋಡಿದರೆ ಗೌಂಡಿಗಳು ಅದಕ್ಕೂ ಮೊದಲು ಮಸೀದಿ ಕಟ್ಟಿ ಬಂದವರೆಂದು ಹೇಳಬಹುದು. ನೆಲಕ್ಕೆ ಶಹಾಬಾದ್ ಫರಸಿ, ಚಪ್ಪಟೆ ಹಾಸುಗಲ್ಲು. ಬೆಂಚಿಲ್ಲ, ಚಪ್ಪಲಿ ಹೊರಗೆ ಬಿಟ್ಟು, ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ಎಲ್ಲರೂ ನೆಲದ ಮೇಲೆ.

ಆ ನೆಲವನ್ನು ಮದುವೆಯಾಗಿ ಬಂದಾಗಿನಿಂದ ಗುಡಿಸಿದವಳು ಭಾಗಮ್ಮ. ಗಂಡ ಗಂಟೆ ಬಾರಿಸುತ್ತಿದ್ದ. ಗಂಡನೂ ಹೋದ, ಅವಳ ಕಣ್ಣೂ ಹೋದವು, ಚರ್ಚು ಮಾತ್ರ ತಪ್ಪಲಿಲ್ಲ. ಕುಸಿದ ಕಲ್ಲು, ಒರಟು ಕಲ್ಲು ಎಂದು ಬರಿಗಾಲಲ್ಲೇ ಗುರುತು ಹಿಡಿದು, ಮೊಣಕಾಲೂರಿ ಊರಿ ತಗ್ಗುಬಿದ್ದ ತನ್ನ ಫರಸಿಗೆ ಬಂದು ಕೂರುತ್ತಿದ್ದಳು. ಪಕ್ಕದ್ದು ಗೆಳತಿ ಮಲ್ಕಮ್ಮನದು. ಮಲ್ಕಮ್ಮ ತೀರಿಕೊಂಡ ಮೇಲೂ ಅಲ್ಲಿ ಯಾರನ್ನೂ ಕೂರಗೊಡಲಿಲ್ಲ.

"ಫಳಫಳ ಅಂತಾವ್ರೀ. ಬಿಷಪ್ಪರು ಬಂದ್ರ ನೆಲದಾಗ ಮುಖ ಕಾಣ್ತದ," ಎಂದು ವಿಶ್ವಾಸ ಕಮಿಟಿಯನ್ನು ಒಪ್ಪಿಸಿದ. ಫರಸಿಗಳು ಟೆಂಪೋ ಹತ್ತಿದವು, ನೆಲಕ್ಕೆ ಟೈಲ್ಸ್ ಬಂತು.

ಮೊದಲ ಭಾನುವಾರ ಭಾಗಮ್ಮ ನಡುವೆಯೇ ನಿಂತುಬಿಟ್ಟಳು. "ಯಾರ ಮನ್ಯಾಗ ಬಂದೀನ್ರೆಪ್ಪಾ ನಾ?"

ಎಲ್ಲರೂ ನಕ್ಕರು. ಮೊದಲು ನಕ್ಕವನು ವಿಶ್ವಾಸನೇ. ಆಮೇಲೆ ಅವಳು ಬರಲಿಲ್ಲ. ಕ್ರಿಸ್ಮಸ್ ಹತ್ತಿರವಾದರೂ ಬರಲಿಲ್ಲ. ನಕ್ಕ ಸದ್ದು ಮಾತ್ರ ಅವನ ಕಿವಿ ಬಿಡಲಿಲ್ಲ. ಅವಳ ಮನೆಗೆ ಹೋದ.

"ಆಯಿ, ಚರ್ಚಿಗೆ ಯಾಕ ಬರವಲ್ಲಿ?"

"ದಾರಿ ಎಲ್ಲದಪ್ಪಾ? ನೀನೇ ಕಿತ್ತಿ ಒಯ್ದಿ."

"ನಾ ಕೈ ಹಿಡ್ದು ಕರ್ಕೊಂಡು ಹೋಗ್ತೀನಿ."

"ಗಂಡ ಸತ್ತಾಗ್ಲೂ ಯಾರ ಕೈನೂ ಹಿಡೀಲಿಲ್ಲ ನಾ. ಈಗ ಟೈಲ್ಸ್ ಮಾರಾವನ ಕೈ ಹಿಡೀಲೇನು?"

ಹಳೆಯ ಫರಸಿ ಎಲ್ಲಿ ಹೋದವೆಂದು ಟೆಂಪೋದವನನ್ನು ಕೇಳಿದರೆ ಕಲಬುರಗಿಯ ಮೋಮಿನಪುರದ ಚಹಾದಂಗಡಿಯ ಹೆಸರು ಹೇಳಿದ. ಹಿತ್ತಲಲ್ಲಿ ಒಂದೇ ಫರಸಿ ಮುಕ್ಕಾಗದೆ ಉಳಿದಿತ್ತು, ಮೇಲೆ ಎಂಜಲು ಕಪ್ಪುಗಳು. ಸಂಗತಿ ಕೇಳಿ ಒಡತಿ ನೂರಜಹಾನ್ ಕೆನ್ನೆಗೆ ಕೈ ಹಚ್ಚಿದಳು. "ಯಾ ಅಲ್ಲಾ! ದೇವರ ಮನಿ ಕಲ್ಲಿನ ಮ್ಯಾಲ ಕಪ್ ತೊಳಸ್ಲಿಕತ್ತಿದ್ದೆನಾ? ಮೊದಲಽ ಹೇಳಬಾರ್ದಾ ಬೇಟಾ? ಒಯ್ಯಿ, ಒಯ್ಯಿ."

ತಾನೇ ಹೊಗಳಿ ಮಾರಿದ ಟೈಲನ್ನು ತಾನೇ ಒಡೆದು, ಹೆಂಗಸರ ಕಡೆ ಗೋಡೆಯ ಪಕ್ಕ ಫರಸಿಯನ್ನು ಕೂರಿಸಿದ. ಗೋಡೆ ತಡವುತ್ತ ಬಂದರೆ ಕಾಲಿಗೇ ಸಿಗಬೇಕು. "ಆಯಿ, ನಿನ್ನ ಕಲ್ಲೇ ತಂದೀನಿ," ಎಂದು ಅವಳಿಗೆ ಹೇಳಿಬಂದ. ಅದು ಯಾರ ಕಲ್ಲೋ ಅವನಿಗೇನು ಗೊತ್ತು? ಸೇಲ್ಸ್‌ಮನ್ ಬಾಯಿ.

ಕ್ರಿಸ್ಮಸ್ ದಿನ ಭಾಗಮ್ಮ ಬಂದಳು. ಹೆಬ್ಬೆರಳಿನಿಂದ ಕಲ್ಲಿನ ಅಂಚು ಸವರಿದಳು.

"ಇದು ನಂದಲ್ಲ. ಮಲ್ಕಮ್ಮಂದು."

ಆದರೂ ಅವಳು ವಾಪಸು ಹೋಗಲಿಲ್ಲ. ಗೆಳತಿಯ ಕಲ್ಲನ್ನು ಖಾಲಿ ಬಿಟ್ಟು, ಪಕ್ಕದ ನುಣ್ಣನೆಯ ಟೈಲಿನ ಮೇಲೆ ಹುಷಾರಾಗಿ ಕುಳಿತು, ಅಂಗೈಯನ್ನು ಮಾತ್ರ ಫರಸಿಯ ಮೇಲಿಟ್ಟಳು.

ಪ್ರಾರ್ಥನೆಗೆ ಎಲ್ಲರೂ ತಲೆ ಬಗ್ಗಿಸಿದರು. ವಿಶ್ವಾಸನೂ ಬಗ್ಗಿಸಿದ. ತಾನು ಹೇಳಿದ ಹಾಗೆಯೇ ಟೈಲಿನಲ್ಲಿ ತನ್ನ ಮುಖ ಸ್ವಚ್ಛವಾಗಿ ಕಾಣುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ.