ಹೊಳೆಗೊಂದು ಕ್ಯಾನು ನೀರು

ನಮ್ಮ ಮನೆಯ ಬಾಗಿಲ ಮೂಲೆಯಲ್ಲಿ ಹತ್ತು ಲೀಟರಿನ ನೀಲಿ ಕ್ಯಾನೊಂದಿದೆ. ಜಗಳೂರಿನವನಾದ ನಾನು ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಅದನ್ನು ತುಂಬಿಸಿಕೊಳ್ಳದೆ ಹೊಸಿಲು ದಾಟಿದವನಲ್ಲ. ಬೋರು ಯಾವಾಗ ಬತ್ತೀತೋ, ನಲ್ಲಿ ಯಾವಾಗ ಮುನಿದೀತೋ ಎಂದು ಕಾಯುತ್ತಲೇ ಬೆಳೆದವನ ಜಾತಕದಲ್ಲೇ ಬರೆದ ಅಭ್ಯಾಸವದು. ಆದ್ದರಿಂದ ಗೆಳೆಯರೇ, ಹೊಳೆಯ ಮೇಲೆ ಇಡೀ ದಿನ ತೇಲುವ ಪ್ರಯಾಣಕ್ಕೂ ನಾನು ಮೊದಲು ತೊಳೆದಿಟ್ಟಿದ್ದು ಈ ಕ್ಯಾನನ್ನೇ ಎಂದರೆ ನಗಬೇಡಿ.

ಪ್ರಯಾಣದ ಆಸೆ ನನ್ನ ಹೆಂಡತಿ ಗಿರಿಜೆಯದು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಬೆಳೆದವಳನ್ನು ಕೊಡಗಳು ಸರದಿ ನಿಲ್ಲುವ ಊರಿಗೆ ಕರೆತಂದ ಹೊಸದರಲ್ಲಿ, ‘ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ತೆಪ್ಪದಲ್ಲಿ ಹೋಗೋಣ’ ಎಂದು ಮಾತು ಕೊಟ್ಟಿದ್ದೆ. ಆ ಮಾತಿಗೀಗ ಮೂವತ್ತು ವರ್ಷ. ಕೇಳಿದಾಗಲೆಲ್ಲ ಶೇಂಗಾ ಬಿತ್ತನೆ, ಮೆಕ್ಕೆಜೋಳದ ಕಟಾವು, ನೆಂಟರ ಗೃಹಪ್ರವೇಶ ಎಂದು ಏನೋ ಒಂದು ನೆಪ ಹೇಳಿದೆ. ನಿಜವನ್ನು ನಿಮಗೆ ಮಾತ್ರ ಹೇಳುತ್ತೇನೆ: ನನಗೆ ಈಜು ಬಾರದು, ಮೊಣಕಾಲು ಮೀರಿದ ನೀರು ಕಂಡರೆ ಎದೆ ಡವಗುಟ್ಟುತ್ತದೆ.

“ಈ ಸಲ ನೀವು ಬರದಿದ್ರೆ ನಾನೊಬ್ಬಳೇ ಹೋಗಿ ಬರ್ತೀನಿ ನೋಡ್ರಿ” ಎಂದು ಅವಳು ಹೇಳಿದ ಮೇಲೆ ಪಟ್ಟಿ ಬರೆಯಲು ಕೂತೆ. ರೊಟ್ಟಿ, ಶೇಂಗಾ ಚಟ್ನಿ, ಕೊಡೆ, ಟಾರ್ಚು, ಅಮೃತಾಂಜನ. ಪಟ್ಟಿ ಬೆಳೆದಷ್ಟೂ ಪ್ರಯಾಣ ಮುಂದಕ್ಕೆ ಹೋದೀತೆಂಬ ದೂರದ ಆಸೆ. ತೆಪ್ಪದ ಹನುಮಂತಣ್ಣನಿಗೆ ಫೋನು ಮಾಡಿ, ವಾಪಸು ತೆಪ್ಪ ಎಷ್ಟು ಗಂಟೆಗೆಂದು ಕೇಳಿದೆ.

“ಹೊಳೆ ಒಂದೇ ಕಡೆ ಹರಿಯೋದ್ರೀ ಯಜಮಾನ್ರೆ” ಎಂದ ಆತ. “ನಿಮಗೆ ಬರಾಕೆ ಬಸ್ಸೈತೆ, ತೆಪ್ಪ ಲಗೇಜ್ ಆಟೋದಾಗೆ ಬರ್ತೈತೆ.”

ಗಿರಿಜೆ ನನ್ನ ಪಟ್ಟಿಯ ಕೊನೆಗೆ ಒಂದೇ ಪದ ಸೇರಿಸಿದಳು: ಹಗ್ಗ. ಯಾಕೆಂದು ಕೇಳಿದರೆ, “ಇರಲಿ ಬಿಡ್ರಿ, ಬೇಕಾಗ್ತೈತೆ” ಎಂದಳು.

ಅಂತೂ ಒಂದು ಬೆಳಿಗ್ಗೆ ಹೊನ್ನಾಳಿಯ ದಂಡೆಯಲ್ಲಿ ನಿಂತೆವು. ಹೊಳೆ ತೀರಾ ಅಗಲವಾಗಿ, ಬಿದಿರು ಹೆಣೆದ ದುಂಡನೆಯ ತೆಪ್ಪ ತೀರಾ ಚಿಕ್ಕದಾಗಿ ಕಂಡಿತು. ಹನುಮಂತಣ್ಣ ಕ್ಯಾನು ನೋಡಿ, “ಹೊಳೆಗೆ ನೀರು ಹೊತ್ಕಂಡು ಬಂದೀರಲ್ರೀ!” ಎಂದು ನಕ್ಕವನು, “ಈಜು ಬರ್ತೈತೆ ತಾನೆ?” ಎಂದ. ನಾನು ಆಕಾಶ ನೋಡಿದೆ.

ಗಿರಿಜೆ ಚೀಲದಿಂದ ಹಗ್ಗ ತೆಗೆದಳು. “ಕ್ಯಾನ್ ಖಾಲಿ ಮಾಡ್ರಿ. ನಾವೆಲ್ಲ ಈಜು ಕಲ್ತಿದ್ದೇ ಹಿಂಗೆ, ಖಾಲಿ ಕ್ಯಾನು ಬೆನ್ನಿಗೆ ಕಟ್ಕಂಡು.”

ಮೂವತ್ತು ವರ್ಷದಿಂದ ಅವಳಿಗೆ ಗೊತ್ತಿತ್ತು! ನಾಚಿಕೆಯಾಯಿತು, ಅದರ ಬೆನ್ನಿಗೇ ಈ ಹೆಂಗಸಿನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು.

ಆದರೆ ನೀರು ಚೆಲ್ಲುವುದು ಹೇಗೆ? ಕೈ ಬರಲಿಲ್ಲ. ಸುತ್ತ ನೋಡಿದೆ, ದಂಡೆಯ ಮೇಲೊಂದು ಹೊಂಗೆ ಸಸಿಯಿತ್ತು. ಪಕ್ಕದಲ್ಲಿ ಇಡೀ ತುಂಗಭದ್ರೆ ಹರಿಯುತ್ತಿದ್ದರೂ ನಾನು ಅದರ ಬುಡಕ್ಕೆ ಜಗಳೂರಿನ ನೀರನ್ನು ನಿಧಾನವಾಗಿ ಹೊಯ್ದೆ. ಹನುಮಂತಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಿಜೆ ನಗಲಿಲ್ಲ; ಕಡೆಯ ಹನಿ ಬೀಳುವವರೆಗೂ ಕಾದಳು. ನಮ್ಮೂರಿನಲ್ಲಿ ಅವಳೂ ಮೂವತ್ತು ವರ್ಷ ಕೊಡ ತುಂಬಿದವಳಲ್ಲವೇ!

ಆಮೇಲೆ ಮುಚ್ಚಳ ಬಿಗಿದು, ಕ್ಯಾನನ್ನು ನನ್ನ ಬೆನ್ನಿಗೆ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿ, ಕೈಹಿಡಿದು ತೆಪ್ಪಕ್ಕೆ ಹತ್ತಿಸಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ನಾನು ಖಾಲಿ ಕ್ಯಾನು ಹೊತ್ತು ಹೊರಟಿದ್ದೆ.