ಗೆರೆಯ ಮುಂದೆ ನಿಲ್ಲಿಸಿದ ಗಾಡಿ

ಕಾಕಾನ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಹೊಸಬರು ಉಳುಕಿದೆ ಎಂದುಕೊಂಡು ಹಚ್ಚುವ ಎಣ್ಣೆಯ ಹೆಸರು ಹೇಳುತ್ತಿದ್ದರು. ಅದು ಉಳುಕಲ್ಲ, ಕುದುರೆಯ ಕಾಲಸಪ್ಪಳಕ್ಕೆ ಕಿವಿ ಕೊಟ್ಟು ಕೊಟ್ಟು ಆದ ಚಾಳಿ. ಊಟಕ್ಕೆ ಕೂತಾಗಲೂ ಹಾಗೇ. ಐಗಳಿಯಲ್ಲಿ ನಮ್ಮ ದ್ರಾಕ್ಷಿ ತೋಟಕ್ಕೆ ಹತ್ತಿದ ತೋಟ ಅವರದು. ರಕ್ತಸಂಬಂಧವಿಲ್ಲದಿದ್ದರೂ ನನಗೆ ಅವರು ಕಾಕಾ, ಅವರ ಹೆಂಡತಿ ಕಾಕು.

ಎಂಬತ್ತರ ದಶಕದ ಕೊನೆಗೆ ಕಾಕಾ ಪುಣೆಯಿಂದ ಒಂದು ಹೆಣ್ಣು ಕುದುರೆ ತಂದರು. ರೇಸ್‌ಕೋರ್ಸಿನಲ್ಲಿ ಓಡಿ ನಿವೃತ್ತಿಯಾದ ಥರೋಬ್ರೆಡ್ ಜಾತಿಯದು. ಉದ್ದ ಕಾಲು, ತೆಳು ಚರ್ಮ, ನಮ್ಮ ಜೋಳದ ಒಣ ಕಣಿಕೆಯನ್ನು ಮೂಸಿಯೂ ನೋಡದ ಗತ್ತು. ಆ ಗತ್ತಿಗೇ ಊರವರು ಬಾಯಿಸಾಬ, ಅಂದರೆ ದೊಡ್ಡ ಮನೆತನದ ಹೆಂಗಸು, ಎಂದು ಹೆಸರಿಟ್ಟರು. ಕಾಕಾ ಒಂದು ವರ್ಷ ಗಾಡಿಗೆ ಪಳಗಿಸಿ, ಹೋಳಿ ಕಳೆದ ಮೇಲೆ ನಡೆಯುವ ಕುದುರೆಗಾಡಿ ಓಟದ ಶರ್ಯತ್ತಿಗೆ ಇಳಿಸಿದರು. ಕಬ್ಬು ಕಡಿದು ಹೊಲಗಳು ಖಾಲಿಯಾದ ದಿನಗಳವು. ನಿಪ್ಪಾಣಿ, ರಾಯಬಾಗದಿಂದೆಲ್ಲ ಗಾಡಿ ಬರುತ್ತಿದ್ದವು. ಧೂಳು, ಹಲಗೆಯ ಬಡಿತ, ಕನ್ನಡ ಮರಾಠಿ ಎರಡರಲ್ಲೂ ಬೈಗುಳ.

ನಿಶಾನೆ ಬಿತ್ತು. ಎಲ್ಲ ಗಾಡಿ ಹೋದವು, ಬಾಯಿಸಾಬ ನಿಂತೇ ಇದ್ದಳು. ರೇಸ್‌ಕೋರ್ಸಿನ ಕಬ್ಬಿಣದ ಗೇಟು ಖಣ್ಣೆಂದು ತೆರೆದರೆ ಓಡಿ ಗೊತ್ತು, ಬಟ್ಟೆಯ ನಿಶಾನೆ ಅವಳಿಗೇನು ಗೊತ್ತು? ಜನ ಬಿದ್ದು ಬಿದ್ದು ನಕ್ಕರು. ಕಾಕಾನೂ ನಕ್ಕರು.

"ತಪ್ಪ ನಂದ ಐತಿ. ಅಕೀಗೆ ತಿಳಿಯೂ ಹಂಗ ನಾ ಹೇಳಲಿಲ್ಲ."

ಮರುವರ್ಷ ನಿಶಾನೆಯ ಜೊತೆಗೆ ಸದ್ದೂ ಮಾಡಲು ಶರ್ಯತ್ತಿನ ಪಂಚರನ್ನು ಒಪ್ಪಿಸಿದರು. ನಿಶಾನೆ ಬೀಳುವುದಕ್ಕೂ ಕಾಕು ಹಿಟ್ಟು ನಾದುವ ಹಿತ್ತಾಳೆಯ ಪರಾತಿಗೆ ಲಟ್ಟಣಿಗೆಯಿಂದ ಬಾರಿಸುವುದಕ್ಕೂ ಸರಿಹೋಯಿತು. ಬಾಯಿಸಾಬ ಹೊರಟ ರೀತಿಗೆ ನಗುವವರ ಬಾಯಿ ಬಂದಾಯಿತು. ಆಗ ನಾನು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಗಟ್ಟಿ ಆಳು. ಈ ಸಲ ನಮ್ಮದೇ ಎಂದು ಅಥಣಿಯವರೆಗೂ ಸಾರಿ ಬಂದಿದ್ದೆ. ಗೆಲುವಿನ ಗೆರೆಗೆ ನೂರು ಮಾರು ಉಳಿದಿತ್ತು, ಹಿಂದಿನ ಗಾಡಿ ಎಲ್ಲೋ ಇತ್ತು. ಕಾಕಾ ಲಗಾಮು ಎಳೆದರು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿಯೇ ಬಿಟ್ಟರು. ಉಳಿದವರು ದಾಟಿ ಹೋದರು.

ನಾನು ಓಡಿಹೋಗಿ ಮರ್ಯಾದೆ ಮರೆತು ಕೇಳಿದೆ, "ಹುಚ್ಚ ಹಿಡೀತೇನ ನಿನಗ?"

"ಮುಂದಿನ ಬಲಗಾಲಿನ ಸಪ್ಪಳ ಬ್ಯಾರೆ ಬಂತು."

ಮರುದಿನ ದನದ ಡಾಕ್ಟರು ಬಂದು ಕಾಲು ಒತ್ತಿ, ನಡೆಸಿ, ಗೊರಸಿನ ನಾಲು ಬಿಚ್ಚಿ ನೋಡಿದರು. ಏನೂ ಆಗಿರಲಿಲ್ಲ. ಸೋಲಲಿಕ್ಕೆ ಯಾರೋ ಕಾಕಾನ ಕೈ ಬಿಸಿ ಮಾಡಿದ್ದಾರೆ ಎಂದು ಊರು ಆಡಿಕೊಂಡಿತು. ನನಗೆ ತಲೆ ಎತ್ತಿ ತಿರುಗಲಾಗಲಿಲ್ಲ. ಕಾಕಾ ಮಾತ್ರ ಪೇಢೆ ತರಿಸಿ ಓಣಿಗೆಲ್ಲ ಹಂಚಿದರು.

"ಏನೂ ಆಗಿಲ್ಲಂತ. ಇದಕ್ಕಿಂತ ಚಲೋ ಸುದ್ದಿ ಇನ್ನೇನ ಬೇಕೋ ತಮ್ಮಾ?"

"ಓಡಿಸಿದ್ರ ಬಹುಮಾನದ ಢಾಲು ಗೆದ್ದ ಬಿಡ್ತಿದ್ವಲ್ರಿ."

"ಗೆದ್ರ ಢಾಲು ನನಗ. ಮುರದಿದ್ರ ಕಾಲು ಅಕೀದು."

ಬಾಯಿಸಾಬ ಮುಂದೆಯೂ ಢಾಲು ತರಲಿಲ್ಲ. ನನ್ನ ಸಿಟ್ಟೂ ಇಳಿಯಲಿಲ್ಲ. ಎಷ್ಟೋ ವರ್ಷ ಆ ಮಾತು ತೆಗೆದು ಕಾಕಾನನ್ನು ಚುಚ್ಚುತ್ತಿದ್ದೆ. ಅವರು ನಗುತ್ತಿದ್ದರು, ಅಷ್ಟೆ.

ತೊಂಬತ್ತರ ದಶಕದಲ್ಲಿ ನನಗೆ ಸರಕಾರಿ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತು. ಒಂದು ದಿನ ಚಿಕ್ಕೋಡಿ ದಾರಿಯಲ್ಲಿ ಮುಂದಿನ ಗಾಲಿಯ ಸದ್ದು ಯಾಕೋ ಬೇರೆ ಎನಿಸಿತು. ತುಂಬಿದ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದೆ. ಪರೀಕ್ಷೆಗೆ ಹೊರಟವರು, ಕೋರ್ಟಿಗೆ ಹೊರಟವರು ಬಾಯಿಗೆ ಬಂದಂತೆ ಬೈದರು. ಡಿಪೋದಿಂದ ಮೆಕ್ಯಾನಿಕ್ ಬಂದು ಗಾಲಿ ಬಿಚ್ಚಿ ನೋಡಿ, "ಏನೂ ಆಗಿಲ್ಲೋ ಮಾರಾಯ" ಎಂದು ನಕ್ಕ. ನನಗೆ ಹೇಳಲಾರದಷ್ಟು ಸಂತೋಷವಾಯಿತು. ಓಡಿಹೋಗಿ ಕಾಕಾಗೆ ಹೇಳಬೇಕು, ತಪ್ಪಾಯಿತು ಎನ್ನಬೇಕು ಅನಿಸಿತು. ಅವರು ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು.