ಹಾಲ್‌ನಲ್ಲಿ ಚಳಿ ಮಾಡಿದವರು ಯಾರು?

ತೈಲದ ಬೆಲೆ ಕುಸಿದಾಗ ಗಲ್ಫಿನ ಸೊಹಾರ್‌ನಲ್ಲಿ ಕಂಪನಿ ನಮ್ಮ ಮೂವರನ್ನು ಒಂದೇ ಫ್ಲ್ಯಾಟಿಗೆ ತುಂಬಿತು. ಇಡೀ ಮನೆಯ ಎಸಿಗೆ ಹಾಲ್‌ನ ಗೋಡೆಯಲ್ಲಿ ತಿರುಗಿಸುವ ಗುಂಡಿ ಒಂದೇ, ಅದರ ಅಂಕಿಗಳೆಲ್ಲ ಅಳಿಸಿಹೋಗಿದ್ದವು. ದಿನಾ ಸಂಜೆ ಮನೆ ಫ್ರಿಜ್ಜಿನಂತಾಗುತ್ತಿತ್ತು. ಯಾರೋ ಕದ್ದು ತಿರುಗಿಸುತ್ತಾರೆಂದು ನನಗೆ ಖಾತ್ರಿಯಾಯಿತು. ಜೊತೆಗಿದ್ದ ಇಬ್ಬರಲ್ಲಿ ಮೈಸೂರಿನ ಪ್ರಕಾಶ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ. ಅದೂ ನಾಟಕವೇ ಅನ್ನಿಸಿತು. ಆಫೀಸಿನಲ್ಲಿ ವಾರಕ್ಕೊಬ್ಬರ ಕೆಲಸ ಹೋಗುತ್ತಿದ್ದ ಕಾಲವದು, ಯಾರನ್ನಾದರೂ ನಂಬುವ ಅಭ್ಯಾಸವೇ ತಪ್ಪಿಹೋಗಿತ್ತು.

ಕೊನೆಗೆ ಬೀಗವಿರುವ ಹೊಸ ಕಂಟ್ರೋಲ್ ಕೊಳ್ಳಲು ಹೋದೆ. ಅಂಗಡಿಯ ಹಮೀದ್ ಉಳ್ಳಾಲದವರು.

"ಕೀ ಯಾರ ಹತ್ತಿರ ಇರ್ತದೆ?" ಎಂದು ಕೇಳಿದರು.

"ನನ್ನ ಹತ್ತಿರ."

"ಉಳಿದವರು ನಿಮ್ಮನ್ನು ನಂಬ್ತಾರಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಮೊದಲು ಮನೆ ನೋಡುವ" ಎಂದು ಅವರೇ ನನ್ನ ಜೊತೆ ಹೊರಟರು.

ಗುಂಡಿಯನ್ನು ನೋಡಿದವರು, ಅದರ ಕೆಳಗೇ ಇದ್ದ ಡಬ್ಬದಂಥ ಹಳೆಯ ಟಿವಿಯ ಮೇಲೆ ಅಂಗೈ ಇಟ್ಟರು.

"ಸಂಜೆ ಟಿವಿ ಹಾಕ್ತೀರಲ್ಲ? ಮನೆಯ ಬಿಸಿ ಅಳೆಯುವುದೂ ಆ ಗುಂಡಿಯೇ. ಇದರ ಬಿಸಿ ಅದಕ್ಕೆ ತಾಗ್ತದೆ. ಮನೆಯೇ ಬಿಸಿ ಅಂತ ತಿಳ್ಕೊಂಡು ಎಸಿ ನಿಲ್ಲುವುದೇ ಇಲ್ಲ. ಟಿವಿ ಆಚೆ ಇಡಿ, ಖಲಾಸ್."

ಅವರು ಹೋದ ಮೇಲೆ ಪ್ರಕಾಶನಿಗೆ ಎಲ್ಲ ಹೇಳಿದೆ. "ನಿಮ್ಮ ಮೇಲೇ ಅನುಮಾನ ಪಟ್ಟಿದ್ದೆ, ತಪ್ಪಾಯ್ತು" ಎಂದೆ.

"ಇರಲಿ ಬಿಡಿ ಸಾರ್," ಎಂದ ಅವನು ಸಮಾಧಾನವಾಗಿ. "ಅದು ನೀವೇ ಅಂತ ನಾವಿಬ್ರೂ ತೀರ್ಮಾನ ಮಾಡಿ ಎರಡು ವಾರ ಆಗಿತ್ತು."

ಆ ಮನೆಯಲ್ಲಿ ಇಬ್ಬರು ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.